ಅಫರ್ವಟದ ಹಿಮ: ಆಟಕ್ಕಿಂತ ಮೊದಲು ಅಳತೆ

೨೦೨೫ನೆಯ ಇಸವಿಯ ಫೆಬ್ರುವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗದಲ್ಲಿ ನೆರೆಯಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮವಿಲ್ಲವೆಂಬ ಕಾರಣದಿಂದ ಮುಂದೂಡಬೇಕಾಯಿತು. ಈ ವೃತ್ತಾಂತವು ಪತ್ರಿಕೆಗಳಲ್ಲಿ ಬಂದ ದಿವಸ ನಮ್ಮ ಕಡೆಯ ವಾಚನಾಲಯಗಳಲ್ಲಿ ಅದನ್ನೋದಿ ನಕ್ಕವರು ಇಲ್ಲದೆ ಇರಲಿಲ್ಲ. ಹಿಮಾಲಯದಲ್ಲಿ ಹಿಮವಿಲ್ಲವೆಂದರೆ ಸಮುದ್ರದಲ್ಲಿ ಉಪ್ಪಿಲ್ಲವೆಂದಂತೆ ಎಂದು ಒಬ್ಬರು, ಆಟಗಾರರು ಹುಲ್ಲಿನ ಮೇಲೆಯೇ ಜಾರಿ ಬರಲಿ ಎಂದು ಇನ್ನೊಬ್ಬರು ವಿನೋದ ಮಾಡಿದರು. ಮುಂದೆ ಹಿಮ ಬಿದ್ದ ಮೇಲೆ, ಮಾರ್ಚ ತಿಂಗಳ ೯ರಿಂದ ೧೨ರ ವರೆಗೆ, ಆ ಕ್ರೀಡೆಗಳು ನಡೆದವು, ಸುದ್ದಿಯೂ ಮರೆತುಹೋಯಿತು. ನಾವಾದರೋ ಅದನ್ನು ಇಷ್ಟು ಬೇಗನೆ ಮರೆಯಬಾರದೆಂದು ಎಣಿಸುತ್ತೇವೆ. ಆಟವು ಎರಡು ವಾರ ತಡವಾದದ್ದು ದೊಡ್ಡ ಮಾತಲ್ಲ. ಯಾವ ಕಾರಣದಿಂದ ಆಟ ನಿಂತಿತೋ ಅದೇ ಕಾರಣದಿಂದ ಕೆಳಗಿನ ಕಣಿವೆಯ ಗದ್ದೆಗಳಲ್ಲಿ, ಬುಗ್ಗೆಗಳಲ್ಲಿ, ಮನೆಯ ನಲ್ಲಿಗಳಲ್ಲಿ ಏನೇನು ನಿಲ್ಲುವದೆಂಬದು ದೊಡ್ಡ ಮಾತು. ಅದನ್ನು ಕುರಿತು ಕೇಳಿದವರು ಕಡಿಮೆ.

ಸ್ಥಳದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಗುಲ್ಮಾರ್ಗವು ಶ್ರೀನಗರದಿಂದ ಸುಮಾರು ೫೦ ಕಿಲೋಮೀಟರು ದೂರದಲ್ಲಿ, ಪೀರ್ ಪಂಜಾಲ ಪರ್ವತಶ್ರೇಣಿಯ ಮಡಿಲಲ್ಲಿರುವ ಒಂದು ವಿಶಾಲವಾದ ಹುಲ್ಲುಗಾವಲು. ಅದರ ಎತ್ತರ ಸುಮಾರು ೨೬೫೦ ಮೀಟರು. ಅದರ ಬೆನ್ನಿಗೆ ನಿಂತಿರುವ ಗಿರಿಯೇ ಅಫರ್ವಟ. ಅದರ ನೆತ್ತಿಯು ೪೩೦೦ ಮೀಟರುಗಳನ್ನು ಮೀರಿದೆ. ನಮ್ಮ ನಾಡಿನಲ್ಲಿ ಎಲ್ಲಕ್ಕೂ ಎತ್ತರವೆನಿಸಿದ ಮುಳ್ಳಯ್ಯನಗಿರಿಯು ಸುಮಾರು ೧೯೩೦ ಮೀಟರು. ಎಂದರೆ ಅಲ್ಲಿ ಕುದುರೆಗಳು ಮೇಯುವ ಬಯಲೇ ನಮ್ಮ ಶಿಖರಕ್ಕಿಂತ ಏಳುನೂರು ಮೀಟರು ಮೇಲಿರುವದು. ಬಯಲಿನಿಂದ ಕೊಂಗಡೂರಿಯೆಂಬ ನಡುತಾಣಕ್ಕೆ ೧೯೯೮ರಲ್ಲಿಯೂ, ಅಲ್ಲಿಂದ ಅಫರ್ವಟದ ಹೆಗಲಿಗೆ, ಸುಮಾರು ೩೯೫೦ ಮೀಟರು ಎತ್ತರಕ್ಕೆ, ೨೦೦೫ರಲ್ಲಿಯೂ ಗೊಂಡೋಲಾ ಎಂಬ ತಂತಿಹಾದಿಯ ಬಂಡಿಗಳು ಓಡಲಾರಂಭಿಸಿದವು. ಶಿಖರದ ಬುಡದಲ್ಲಿ ಅಲ್ಪಥರ್ ಎಂಬ ಸರೋವರವಿದೆ. ಜೂನ್ ತಿಂಗಳ ವರೆಗೂ ಅದರ ಮೇಲೆ ಮಂಜುಗಡ್ಡೆ ತೇಲುತ್ತಿರುವದು. ಈ ಸರೋವರದ ಮತ್ತು ಈ ಇಳುಕಲುಗಳ ನೀರು ನಿಂಗಲಿ ಹಳ್ಳವಾಗಿ ಕಾಡುಗಳ ನಡುವೆ ಇಳಿದು ಸೋಪೋರದ ಹತ್ತಿರ ಝೇಲಮ್ ನದಿಯನ್ನು ಸೇರುವದು. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ನಮ್ಮ ವಾದದ ಬುಡವಾಗಲಿದೆ.

ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಎಂಬ ಆಟವು ಇಲ್ಲಿಗೆ ಬಂದದ್ದು ಆಂಗ್ಲ ಅಧಿಕಾರಿಗಳ ಜೊತೆಯಲ್ಲಿ. ೧೯೨೭ರಲ್ಲಿ ಅವರು ಇಲ್ಲಿ ಭಾರತದ ಸ್ಕೀ ಕ್ಲಬ್ಬನ್ನು ಸ್ಥಾಪಿಸಿದರು. ಆ ಕಾಲದಲ್ಲಿ ಜಾರುವವರು ಅವರು, ಹೊರೆ ಹೊರುವವರು ನಮ್ಮವರು. ಸ್ವಾತಂತ್ರ್ಯ ಬಂದ ಮರುವರ್ಷವೇ ಇದು ಬದಲಾಯಿತು. ಮತ್ತು ಅದನ್ನು ಬದಲಿಸಿದವರು ಕನ್ನಡ ನಾಡಿನ ಮಗನೊಬ್ಬರೆಂಬದನ್ನು ನಮ್ಮಲ್ಲಿ ಅನೇಕರು ಅರಿಯರು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು ೧೯೪೮ರಲ್ಲಿ ಕಾಶ್ಮೀರದಲ್ಲಿದ್ದ ೧೯ನೆಯ ಡಿವಿಜನ್ನಿನ ಅಧಿಪತಿಗಳಾಗಿದ್ದರು. ಝೋಜಿ ಲಾ ಕಣಿವೆಯ ಹಾದಿಯಲ್ಲಿ, ಯಾರೂ ನಂಬದಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಹಿಮ್ಮೆಟ್ಟಿಸಿದ್ದು ಆ ವರ್ಷದ ನವೆಂಬರ ೧ರಂದು. ಅದರ ಮರುತಿಂಗಳೇ, ಡಿಸೆಂಬರದಲ್ಲಿ, ಅವರ ಡಿವಿಜನ್ನಿನ ಸ್ಕೀ ಶಾಲೆಯು ಗುಲ್ಮಾರ್ಗದಲ್ಲಿ ತೆರೆಯಿತು. ಅದೇ ಬೆಳೆದು ೧೯೬೨ರಿಂದ ಉನ್ನತ ಪ್ರದೇಶ ಯುದ್ಧಶಾಲೆಯೆಂಬ ಹೆಸರನ್ನು ಪಡೆದಿದೆ. ಹಿಮವನ್ನು ಅರಿಯದವನು ಆ ಗಡಿಯನ್ನು ಕಾಯಲಾರನೆಂಬದನ್ನು ಹಿಮವೇ ಬೀಳದ ಕೊಡಗಿನಲ್ಲಿ ಹುಟ್ಟಿದ ಆ ಸೇನಾನಿಯು ಕಂಡುಕೊಂಡಿದ್ದರು. ಅದೇ ಕೊಡಗಿನ ತೆಕ್ಕಡ ಭವಾನಿ ಎಂಬ ತರುಣಿಯು ಇತ್ತೀಚಿನ ವರ್ಷಗಳಲ್ಲಿ ಹಿಮದ ಮೇಲಿನ ದೂರದ ಓಟದಲ್ಲಿ ಗುಲ್ಮಾರ್ಗದಲ್ಲಿ ಪದಕಗಳನ್ನು ಗೆದ್ದು, ದೇಶದ ಪರವಾಗಿ ಹೊರನಾಡುಗಳಲ್ಲಿಯೂ ಸ್ಪರ್ಧಿಸಿರುವಳು. ಆದುದರಿಂದ ಅಫರ್ವಟದ ಹಿಮದ ಮಾತು ನಮಗೆ ಸಂಬಂಧವಿಲ್ಲದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ.

ಇನ್ನು ಹವೆಯ ವಿಷಯ. ನಮಗೆ ನೀರು ಕೊಡುವ ಮುಂಗಾರು ಕಾಶ್ಮೀರದ ಕಣಿವೆಗೆ ಹೆಚ್ಚಾಗಿ ಒದಗುವದಿಲ್ಲ. ಪೀರ್ ಪಂಜಾಲದ ಗೋಡೆಯು ಅದನ್ನು ತಡೆಯುವದು. ಅಲ್ಲಿಯ ಮೋಡಗಳು ಬರುವದು ಎದುರು ದಿಕ್ಕಿನಿಂದ. ಮೆಡಿಟರೇನಿಯನ್ ಸಮುದ್ರದ ಕಡೆಯಲ್ಲಿ ಹುಟ್ಟಿ, ಇರಾಣ ಆಫಗಾನಿಸ್ತಾನಗಳನ್ನು ದಾಟಿ, ಚಳಿಗಾಲದಲ್ಲಿ ಒಂದರ ಹಿಂದೊಂದು ಬರುವ ಈ ಮಾರುತಗಳನ್ನು ಹವಾಮಾನಶಾಸ್ತ್ರಜ್ಞರು ಪಶ್ಚಿಮ ವಿಕ್ಷೋಭೆಗಳೆನ್ನುವರು. ಬೆಟ್ಟಕ್ಕೆ ತಾಗಿ ಮೇಲೇರಿ ತಣಿದು ಅವು ಹಿಮವನ್ನು ಸುರಿಸುವವು. ನಮ್ಮ ರೈತನು ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಮಳೆಗಳನ್ನು ಲೆಕ್ಕ ಹಾಕುವಂತೆ ಕಾಶ್ಮೀರಿಯು ತನ್ನ ಚಳಿಯನ್ನು ಲೆಕ್ಕ ಹಾಕುವನು. ಡಿಸೆಂಬರ ೨೧ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಎಂದರೆ ಹಿರಿಯ ಚಳಿ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್. ಕಡೆಗೆ ಹತ್ತು ದಿನ ಚಿಲ್ಲೈ ಬಚ್ಚಾ, ಚಳಿಯ ಕೂಸು. ಫಿರನ್ನಿನ ಒಳಗೆ ಕಾಂಗಡಿಯ ಕೆಂಡವನ್ನಿಟ್ಟುಕೊಂಡು ಈ ಎಪ್ಪತ್ತು ದಿನಗಳನ್ನು ಕಳೆಯುವ ಮುದುಕನನ್ನು ಕೇಳಿದರೆ, ಹಿರಿಯ ಚಳಿಯ ಹಿಮವೇ ಹಿಮವೆಂದು ಹೇಳುವನು. ಇದು ಮೂಢನಂಬಿಕೆಯಲ್ಲ. ಆ ದಿನಗಳ ಹಿಮವು ಕಡುಚಳಿಯಲ್ಲಿ ಬಿದ್ದು, ಪದರದ ಮೇಲೆ ಪದರವಾಗಿ ಒತ್ತಿ ಗಟ್ಟಿಯಾಗಿ, ಬೇಸಿಗೆಯ ವರೆಗೆ ಉಳಿಯುವದು. ಮಾರ್ಚದಲ್ಲಿ ಬೀಳುವದು ಒದ್ದೆ ಹಿಮ. ಬಿಸಿಲು ಏರುತ್ತಲೇ ಅದರ ಬಹುಭಾಗವು ಒಂದೇ ಸಲಕ್ಕೆ ಹರಿದುಹೋಗುವದು. ಒಟ್ಟು ಬಿದ್ದದ್ದು ಅಷ್ಟೇ ಇರಬಹುದು. ಜೂನಿನಲ್ಲಿ ಭತ್ತದ ನಾಟಿಯ ಹೊತ್ತಿಗೆ ಉಳಿದದ್ದು ಅಷ್ಟೇ ಇರಲಾರದು.

ಇಲ್ಲಿಯೇ ನಮ್ಮ ಮುಖ್ಯವಾದ ಮಾತು ಬರುವದು. ಅಫರ್ವಟದ ಮೇಲಿನ ಹಿಮವು ಮೊದಲು ಒಂದು ಜಲಾಶಯ, ಅನಂತರ ಒಂದು ಆಟದ ಬಯಲು. ಕಟ್ಟೆಯಿಲ್ಲದ, ಬಾಗಿಲಿಲ್ಲದ, ಇಂಜಿನಿಯರನಿಲ್ಲದ ಜಲಾಶಯ. ಚಳಿಗಾಲದಲ್ಲಿ ತುಂಬಿ, ಬೇಕಾದ ಬೇಸಿಗೆಯಲ್ಲಿ ತಾನಾಗಿಯೇ ತುಸುತುಸುವಾಗಿ ಬಿಡುವ ಜಲಾಶಯ. ಮೈಸೂರು ಮಂಡ್ಯಗಳ ನಮ್ಮ ವಾಚಕರು ಮಳೆಗಾಲ ಬಂದೊಡನೆ ಬೆಳಗಿನ ಪತ್ರಿಕೆಯಲ್ಲಿ ಮೊದಲು ನೋಡುವದು ಯಾವ ಅಂಕೆಯನ್ನು? ಕನ್ನಂಬಾಡಿಯ ನೀರಿನ ಮಟ್ಟವನ್ನು. ೧೨೪.೮೦ ಅಡಿ ತುಂಬಿದ ಲೆಕ್ಕವೆಂಬದು ಓದು ಬಾರದ ರೈತನಿಗೂ ಬಾಯಿಪಾಠವಾಗಿದೆ. ಇಂದು ೧೦೦ ಅಡಿ ಎಂದರೆ ಅವನು ಬಿತ್ತನೆಯನ್ನು ತಡೆಯುವನು. ೧೨೦ ಎಂದರೆ ಸಸಿಮಡಿಗೆ ಬೀಜ ಚೆಲ್ಲುವನು. ಆ ಅಂಕೆಯ ಮೇಲೆ ಮಂತ್ರಿಗಳು ಮಾತನಾಡಬೇಕಾಗುವದು, ನ್ಯಾಯಾಲಯಗಳು ವಿಚಾರ ಮಾಡಬೇಕಾಗುವದು. ಸೋಪೋರದ ಭತ್ತದ ರೈತನಿಗೂ ಒಂದು ಕನ್ನಂಬಾಡಿಯಿದೆ. ಅದು ಅವನ ತಲೆಯ ಮೇಲೆ ಬೆಳ್ಳಗೆ ಕಾಣುತ್ತಿದೆ. ಆದರೆ ಅದರ ಮಟ್ಟವನ್ನು ದಿನದಿನವೂ ಅವನ ಮನೆಯ ಬಾಗಿಲಿಗೆ ತಂದು ಹೇಳುವ ವ್ಯವಸ್ಥೆಯಿಲ್ಲ.

ಹವಾಮಾನ ಇಲಾಖೆಯವರು ಗುಲ್ಮಾರ್ಗದಲ್ಲಿ ಇಷ್ಟು ಅಂಗುಲ ಹಿಮ ಬಿತ್ತೆಂದು ಹೇಳುವರಲ್ಲ ಎಂದು ಯಾರಾದರೂ ಕೇಳಬಹುದು. ಹೇಳುವರು, ನಿಜ. ಆದರೆ ಅಂಗುಲ ಬೇರೆ, ನೀರು ಬೇರೆ. ಆಗತಾನೆ ಬಿದ್ದ ಹಿಮವು ಹಿಂಜಿದ ಅರಳೆಯಂತೆ. ಅದರ ಒಂದು ಘನ ಮೀಟರಿನಲ್ಲಿ ಸುಮಾರು ೧೦೦ ಕಿಲೋಗ್ರಾಮಿನಷ್ಟೇ ನೀರು. ಅದೇ ಹಿಮವು ಒತ್ತಿ ಹಳತಾಗಿ ವಸಂತದಲ್ಲಿ ೪೦೦ ಕಿಲೋಗ್ರಾಮಿನ ಸಮೀಪಕ್ಕೆ ಬರುವದು. ಒಂದು ಮೀಟರು ಆಳದ ಹೊಸ ಹಿಮವೂ ಕಾಲು ಮೀಟರು ಆಳದ ಹಳೆಯ ಹಿಮವೂ ರೈತನ ಲೆಕ್ಕದಲ್ಲಿ ಒಂದೇ. ಅರಳೆಯನ್ನು ಕೋಲಿನಿಂದ ಅಳೆದು ಕೊಳ್ಳುವ ವ್ಯಾಪಾರಿಯನ್ನು ನಮ್ಮ ಹುಬ್ಬಳ್ಳಿಯ ಪೇಟೆಯಲ್ಲಿ ಯಾರೂ ಕಂಡಿಲ್ಲ. ಅವನು ತಕ್ಕಡಿಯನ್ನು ತರಿಸುವನು. ಹಿಮಕ್ಕೂ ತಕ್ಕಡಿ ಬೇಕು.

ಅಂಥ ತಕ್ಕಡಿಯನ್ನು ಮಾಡಿದವನು ಇಂಜಿನಿಯರನೂ ಅಲ್ಲ, ವಿಜ್ಞಾನಿಯೂ ಅಲ್ಲ. ಅಮೇರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಜೇಮ್ಸ್ ಚರ್ಚ್ ಎಂಬ ಪಂಡಿತ. ಮೌಂಟ್ ರೋಸ್ ಎಂಬ ಬೆಟ್ಟವನ್ನು ಚಳಿಗಾಲದಲ್ಲಿ ಹತ್ತುವದು ಅವನಿಗೊಂದು ಹವ್ಯಾಸವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವನು ಒಂದು ಟೊಳ್ಳು ಕೊಳವೆಯನ್ನು ಹಿಮದಲ್ಲಿ ನೆಲದ ವರೆಗೆ ತಿರುಗಿಸಿ ಇಳಿಸಿ, ಮೇಲೆತ್ತಿ, ಒಳಗೆ ಸಿಕ್ಕ ಹಿಮವನ್ನು ತೂಗಿ, ಈ ಬೆಟ್ಟದ ಮೇಲೆ ಇಷ್ಟು ಅಂಗುಲ ನೀರಿದೆಯೆಂದು ಲೆಕ್ಕ ಹೇಳುವ ಕ್ರಮವನ್ನು ರೂಢಿಗೆ ತಂದನು. ಆಗ ಕೆಳಗಿನ ತಾಹೋ ಸರೋವರದ ನೀರಿಗಾಗಿ ದಂಡೆಯವರಿಗೂ ವಿದ್ಯುತ್ತಿನ ಕಂಪನಿಯವರಿಗೂ ರೈತರಿಗೂ ಜಗಳವಿತ್ತು. ಬೇಸಿಗೆಯಲ್ಲಿ ಸರೋವರವು ಎಷ್ಟು ಏರುವದೆಂಬದನ್ನು ವಸಂತದಲ್ಲಿಯೇ ಹೇಳಬಲ್ಲ ಈ ಪಂಡಿತನ ಕೊಳವೆಯು ಆ ಜಗಳವನ್ನು ಬಹುಮಟ್ಟಿಗೆ ತಣಿಸಿತು. ಇಂದು ಆ ದೇಶದ ಪಶ್ಚಿಮದ ಬೆಟ್ಟಗಳಲ್ಲಿ ಒಂಬೈನೂರಕ್ಕೂ ಮಿಕ್ಕಿದ ಸ್ವಯಂಚಲಿತ ಠಾಣ್ಯಗಳು ಹಿಮದ ತೂಕವನ್ನು ದಿನವೂ ಲೋಕಕ್ಕೆ ಸಾರುತ್ತಿರುವವು. ರೈತನೂ ಅದನ್ನೇ ಓದುವನು, ಸ್ಕೀ ಆಡುವವನೂ ಅದನ್ನೇ ಓದುವನು. ನಮ್ಮ ರಕ್ಷಣಾ ಖಾತೆಯು ೧೯೬೯ರಿಂದಲೇ ಮನಾಲಿಯಲ್ಲಿ ಹಿಮದ ಅಧ್ಯಯನಕ್ಕೆ ಒಂದು ಸಂಸ್ಥೆಯನ್ನು ನಡೆಸಿಕೊಂಡು ಬಂದಿತು. ೨೦೨೦ರಲ್ಲಿ ಅದು ಚಂಡೀಗಡದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯಲ್ಲಿ ಲೀನವಾಯಿತು. ಬಲ್ಲವರು ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. ಬಲ್ಲವರ ಅಂಕೆಯು ಬೇಕಾದವರ ಕೈಗೆ ಬರುವದಿಲ್ಲವೆಂಬದೇ ನಮ್ಮ ದೂರು. ಅಫರ್ವಟದ ಆಚೆಗೆ ನಿಯಂತ್ರಣ ರೇಖೆಯು ಸಮೀಪದಲ್ಲಿಯೇ ಇರುವದರಿಂದ ಕೆಲವು ವಿಷಯಗಳು ಗುಪ್ತವಾಗಿರಬೇಕೆಂಬದನ್ನು ನಾವು ಒಪ್ಪುತ್ತೇವೆ. ಆದರೆ ಹಿಮದ ತೂಕದಲ್ಲಿ ಶತ್ರುವಿಗೆ ದೊರೆಯುವ ರಹಸ್ಯವಾವದು? ಅವನ ಬೆಟ್ಟದ ಮೇಲೆಯೂ ಅದೇ ಮೋಡವೇ ಸುರಿಯುವದಲ್ಲವೆ!

ಅಂಕೆ ಇಲ್ಲದಿದ್ದರೆ ಏನಾಗುವದೆಂಬದಕ್ಕೆ ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. ೨೦೧೮ರ ವಸಂತದಲ್ಲಿ ಉತ್ತರ ಕಾಶ್ಮೀರದ ರೈತರಿಗೆ, ಈ ಸಲ ನೀರು ಸಾಲದು, ಭತ್ತವನ್ನು ಹಾಕಬೇಡಿರಿ ಎಂದು ನೀರಾವರಿ ಖಾತೆಯವರು ಸೂಚನೆ ಕೊಟ್ಟರು. ಚಳಿಗಾಲದ ಹಿಮ ಕಡಿಮೆಯಾದದ್ದೇ ಕಾರಣ. ಸೂಚನೆಯೇನೋ ಸರಿಯೆ, ಆದರೆ ಹಿಮ ಕಡಿಮೆಯೆಂಬದು ತಿಳಿಯುವದು ಫೆಬ್ರುವರಿಯಲ್ಲಿ, ಸೂಚನೆ ಬಂದದ್ದು ಏಪ್ರಿಲದಲ್ಲಿ. ಬೇರೆ ಬೆಳೆಯ ಬೀಜವನ್ನು ಹುಡುಕಿ ತರಲು ರೈತನಿಗೆ ಉಳಿದ ಅವಧಿ ಎಷ್ಟು? ಮುಂದೆ ೨೦೨೩ರ ಡಿಸೆಂಬರದಲ್ಲಿ ಜಮ್ಮು ಕಾಶ್ಮೀರಕ್ಕೆ ಬಿದ್ದ ಮಳೆ ಹಿಮಗಳು ವಾಡಿಕೆಯ ಐದನೆಯ ಒಂದು ಭಾಗದ ಆಸುಪಾಸಿನಲ್ಲಿದ್ದವು. ೨೦೨೪ರ ಜನವರಿಯಲ್ಲಿ ಗುಲ್ಮಾರ್ಗದ ಬಯಲು ಕಂದು ಹುಲ್ಲಿನಿಂದ ತುಂಬಿತ್ತು. ಹಿಮ ಬಂದದ್ದು ತಿಂಗಳ ಕಡೆಯ ದಿನಗಳಲ್ಲಿ, ಹಿರಿಯ ಚಳಿಯು ಮುಗಿಯುತ್ತಿದ್ದಾಗ. ೨೦೨೫ರಲ್ಲಿ ಮತ್ತೆ ಒಣ ಜನವರಿ. ಫೆಬ್ರುವರಿಯಲ್ಲಿ, ಮೊಗಲ ಬಾದಶಹರ ಕಾಲದಿಂದ ಚಿಮ್ಮುತ್ತಿದ್ದ ದಕ್ಷಿಣ ಕಾಶ್ಮೀರದ ಅಚ್ಛಾಬಲದ ಬುಗ್ಗೆಯು ಬತ್ತಿಹೋಯಿತು. ಆ ಬುಗ್ಗೆಯ ನೀರನ್ನೇ ನಂಬಿದ ಹಳ್ಳಿಗಳು ಬೇಸಿಗೆಗೆ ಮೊದಲೇ ಕೊಡವನ್ನು ಹಿಡಿದು ನಿಂತವು. ಅಚ್ಛಾಬಲವು ಅಫರ್ವಟದಿಂದ ದೂರ. ಆದರೆ ಬರಬೇಕಾಗಿದ್ದು ಬಾರದೆ ಹೋದ ಮೋಡವು ಎರಡಕ್ಕೂ ಒಂದೇ.

ಭೂಮಂಡಲದ ಹವೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಹಿಂದೆ ಹಿಮವಾಗಿ ಬೀಳುತ್ತಿದ್ದುದು ಕೆಳಗಿನ ಎತ್ತರಗಳಲ್ಲಿ ಮಳೆಯಾಗಿ ಬೀಳುವದೂ, ಬಿದ್ದ ಹಿಮ ಬೇಗನೆ ಕರಗುವದೂ ಹೆಚ್ಚುತ್ತಿದೆ. ಒಂದು ವರ್ಷ ತುಂಬ ಬಿದ್ದಿತೆಂದು ಹಿಗ್ಗುವದಾಗಲಿ, ಒಂದು ವರ್ಷ ಬೀಳಲಿಲ್ಲವೆಂದು ಎದೆ ಬಡಿದುಕೊಳ್ಳುವದಾಗಲಿ ವಿವೇಕಿಗಳ ಲಕ್ಷಣವಲ್ಲ. ವರ್ಷದಿಂದ ವರ್ಷಕ್ಕೆ ಒಂದೇ ಸ್ಥಳದಲ್ಲಿ, ಒಂದೇ ಕ್ರಮದಲ್ಲಿ ತೂಗಿ ಬರೆದಿಟ್ಟ ಪಟ್ಟಿಯೊಂದೇ ಸತ್ಯವನ್ನು ಹೇಳಬಲ್ಲದು.

ಅಳತೆಯು ಕೇವಲ ರೈತನಿಗಾಗಿ ಅಲ್ಲ. ಆಡಲು ಹೋಗುವವನ ಪ್ರಾಣಕ್ಕೂ ಅದು ಬೇಕು. ೨೦೧೦ರ ಫೆಬ್ರುವರಿ ೮ರಂದು ಇದೇ ಇಳುಕಲಿನ ಖಿಲನ್‌ಮಾರ್ಗದಲ್ಲಿ ಹಿಮ ಕುಸಿದು ಸೇನೆಯ ೧೭ ಮಂದಿ ಮಡಿದರು. ಅವರು ಹಿಮವನ್ನು ಅರಿಯಲೆಂದೇ ತರಬೇತಿಗೆ ಬಂದವರು. ೨೦೨೩ರ ಫೆಬ್ರುವರಿ ೧ರಂದು ಅಫರ್ವಟದ ಹಪತ್‌ಖುಡ್ ಎಂಬಲ್ಲಿ ಪೋಲೆಂಡ್ ದೇಶದ ಇಬ್ಬರು ಸತ್ತರು, ಹತ್ತೊಂಬತ್ತು ಮಂದಿ ಪರದೇಶದವರನ್ನು ಬದುಕಿಸಿ ತಂದರು. ೨೦೨೪ರ ಫೆಬ್ರುವರಿ ೨೨ರಂದು, ಕೆಳಗೆ ಕ್ರೀಡಾಕೂಟ ನಡೆಯುತ್ತಿದ್ದಾಗಲೇ, ಮೇಲೆ ರಷ್ಯದವನೊಬ್ಬನು ಹಿಮದಡಿ ಸಿಕ್ಕಿ ಸತ್ತನು.

ಒಣ ಚಳಿಗಾಲದಲ್ಲಿ ಹಿಮಕುಸಿತದ ಭಯವಿಲ್ಲವೆಂದು ಬಯಲುಸೀಮೆಯವರು ತಿಳಿಯುವರು. ವಸ್ತುಸ್ಥಿತಿಯು ಇದಕ್ಕೆ ವಿಪರೀತವಾದದ್ದು. ಹಿಮವು ತೆಳ್ಳಗಿದ್ದು, ಆಕಾಶವು ತಿಳಿಯಾಗಿದ್ದು, ಚಳಿಯು ಕಡುವಾಗಿದ್ದಾಗ, ಕೆಳಗಿನ ನೆಲದ ಬೆಚ್ಚಗೂ ಮೇಲ್ಮೈಯ ಕೊರೆತಕ್ಕೂ ನಡುವೆ ಹಿಮದೊಳಗಿನ ಆವಿಯು ಮೇಲೇರುತ್ತ, ಅಡಿಯ ಕಣಗಳನ್ನು ಒಂದಕ್ಕೊಂದು ಅಂಟದ ಸಕ್ಕರೆಯ ಹರಳುಗಳನ್ನಾಗಿ ಮಾಡುವದು. ವಾರಗಟ್ಟಲೆ ಹೀಗಾದ ಮೇಲೆ ಒಂದೇ ರಾತ್ರಿಯಲ್ಲಿ ಎರಡು ಮೂರು ಅಡಿ ಹೊಸ ಹಿಮ ಬಂದು ಕುಳಿತರೆ, ಅದು ರಾಗಿಯ ರಾಶಿಯ ಮೇಲಿಟ್ಟ ಕಲ್ಲುಚಪ್ಪಡಿಯಂತೆ. ಮೂವತ್ತರಿಂದ ನಲವತ್ತೈದು ಅಂಶದ ಇಳುಕಲಿನಲ್ಲಿ ಒಬ್ಬ ಮನುಷ್ಯನ ಭಾರವೇ ಅದನ್ನು ಬಿಡಿಸಲು ಸಾಕು. ಹೂತುಹೋದವನನ್ನು ಹತ್ತು ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಬಹುಶಃ ಬದುಕುವನು. ಅರ್ಧ ತಾಸಾದರೆ ಆಸೆ ಕಡಿಮೆ. ಶ್ರೀನಗರದಿಂದ ಸಹಾಯ ಬರುವದು ಹಾಗಿರಲಿ, ಗೊಂಡೋಲಾ ನಿಲ್ದಾಣದಿಂದ ಬರುವದೂ ಆ ಅವಧಿಯಲ್ಲಿ ಕಷ್ಟ. ಜೊತೆಗಾರನ ಕೈಯಲ್ಲಿರುವ ಸಲಿಕೆಯೇ ಅವನ ಭಾಗದ ಸರಕಾರ.

ಗೊಂಡೋಲಾದ ಕೆಳಗಿನ ನಡುಬಟ್ಟಲನ್ನು ಪಹರೆಯವರು ಕಾಯುವರು, ಅಪಾಯದ ಹಿಮವನ್ನು ಮುಂಚಿತವಾಗಿ ಉರುಳಿಸುವರು. ಆದರೆ ಬಟ್ಟಲಿನ ಅಂಚನ್ನು ದಾಟಿದೊಡನೆ ಬೆಟ್ಟವು ತನ್ನ ಇಚ್ಛೆಯಂತೆ ಇರುವದು. ಅಂಚಿನ ಈ ಕಡೆ ಆ ಕಡೆಗಳ ವ್ಯತ್ಯಾಸವನ್ನು ಹೊರನಾಡಿನ ಪಳಗಿದ ಸ್ಕೀಗಾರನು ಅರಿತೇ ದಾಟುವನು. ಅವನ ಸಾಹಸವು ಅವನಿಗೆ ಸೇರಿದ್ದು. ಬೆಂಗಳೂರಿನಿಂದ ಮಕ್ಕಳನ್ನು ಕರೆದುಕೊಂಡು ಹೋದ ಗೃಹಸ್ಥನಿಗೆ ಅಂಚು ಎಲ್ಲಿದೆಯೆಂಬದೇ ತಿಳಿಯದು. ಹವೆಯ ಕೋಪವು ಚಳಿಗಾಲಕ್ಕೇ ಮೀಸಲೂ ಅಲ್ಲ. ೨೦೧೭ರ ಜೂನ್ ೨೫ರಂದು ಬಿರುಗಾಳಿಗೆ ಮರವೊಂದು ತಂತಿಹಾದಿಯ ಮೇಲೆ ಉರುಳಿ, ಬಂಡಿ ಕೆಳಗೆ ಬಿದ್ದು ಏಳು ಮಂದಿ ಸತ್ತರು. ಗಾಳಿಯ ವೇಗವು ಇಷ್ಟಾದರೆ ಬಂಡಿಯನ್ನು ನಿಲ್ಲಿಸಬೇಕೆಂಬ ನಿಯಮವಿದ್ದರೆ ಸಾಲದು. ಸರದಿಯಲ್ಲಿ ನಿಂತ ಐನೂರು ಜನರ ಗದ್ದಲಕ್ಕೆ ಬಗ್ಗದೆ ನಿಲ್ಲಿಸುವ ಅಧಿಕಾರಿಯೂ ಬೇಕು. ಅಂಥವನನ್ನು ಬಯ್ಯದೆ ಹಿಂದಿರುಗುವ ಯಾತ್ರಿಕನೂ ಬೇಕು. ಈ ಎರಡನೆಯವನನ್ನು ಒದಗಿಸುವದು ನಮ್ಮ ಊರುಗಳ ಕೆಲಸವೆಂದು ಮೆಲ್ಲಗೆ ಹೇಳುತ್ತೇವೆ.

ನಮ್ಮ ಪರಿಚಯದ ನಿವೃತ್ತ ಅಧಿಕಾರಿಗಳೊಬ್ಬರು ೨೦೨೪ರ ಜನವರಿಯಲ್ಲಿ ಸಕುಟುಂಬರಾಗಿ ಅಲ್ಲಿಗೆ ಹೋಗಿದ್ದರು. ಹಿಮ ತೋರಿಸುವೆವೆಂದು ಹಣ ತೆಗೆದುಕೊಂಡು ಹುಲ್ಲು ತೋರಿಸಿದರೆಂದು ಬಂದವರ ಮುಂದೆಲ್ಲ ಅವರು ಬಹಳ ದಿನ ಹೇಳಿದರು. ಒಂದು ಸಂಜೆ ಮಾತ್ರ ಬೇರೊಂದು ಸಂಗತಿಯನ್ನು ಹೇಳಿದರು. ಅವರನ್ನು ಬಯಲಿನಲ್ಲಿ ಸುತ್ತಿಸಿದ ಕುದುರೆಯವನು, ದಾರಿಯುದ್ದಕ್ಕೂ ತನ್ನ ನಷ್ಟದ ಮಾತನ್ನೆತ್ತದೆ, ಸಾಹೇಬರ ಊರಲ್ಲಿ ಈ ವರ್ಷ ಮಳೆ ಹೇಗಿತ್ತೆಂದು ಕೇಳಿದನಂತೆ. ೨೦೨೩ರಲ್ಲಿ ನಮ್ಮಲ್ಲಿಯೂ ಬರವಿತ್ತಲ್ಲ. ಇವರು ಹಾಗೆಂದೊಡನೆ ಅವನು ಲಗಾಮನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತನಂತೆ. ಇಳಿಯುವಾಗ ಹೆಚ್ಚು ಹಣ ಕೇಳಲಿಲ್ಲವೆಂಬದನ್ನೂ ಅಧಿಕಾರಿಗಳು ಒಪ್ಪಿಕೊಂಡರು.

ಗುಲ್ಮಾರ್ಗದ ಆಟವು ಯಾರ ಬೆನ್ನಿನ ಮೇಲೆ ನಡೆಯುವದೆಂಬದನ್ನು ಇಲ್ಲಿ ಹೇಳಲೇಬೇಕು. ಕುದುರೆಯವರು, ದಾರಿ ತೋರಿಸುವವರು, ಸ್ಕೀ ಕಲಿಸುವ ಹುಡುಗರು, ಗಂಬೂಟು ಕೋಟುಗಳನ್ನು ಬಾಡಿಗೆಗೆ ಕೊಡುವವರು, ಮತ್ತು ಮರದ ಸ್ಲೆಜ್ಜಿನ ಮೇಲೆ ಯಾತ್ರಿಕನನ್ನು ಕೂಡಿಸಿ ಹಗ್ಗ ಹಿಡಿದು ಎಳೆಯುವವರು. ೧೯೨೭ರಲ್ಲಿ ಆಂಗ್ಲರ ಹೊರೆ ಹೊತ್ತವರ ಮೊಮ್ಮಕ್ಕಳು ಇಂದು ನಮ್ಮನ್ನೇ ಎಳೆಯುತ್ತಿರುವರಲ್ಲ ಎಂಬ ವಿಚಾರವು ಸ್ಲೆಜ್ಜಿನ ಮೇಲೆ ಕುಳಿತ ದೇಶಾಭಿಮಾನಿಗೆ ಬಂದರೆ ಬರಲಿ. ಅದರಿಂದ ಅವನು ಕೆಳಗಿಳಿದು ನಡೆದರೆ ಎಳೆಯುವವನ ಅಂದಿನ ಕೂಲಿ ಹೋಗುವದೆಂಬದೂ ಖರೆ. ಹಿಮವಿಲ್ಲದ ಚಳಿಗಾಲವು ಇವರಿಗೆ ಕೆಲಸವಿಲ್ಲದ ಚಳಿಗಾಲ. ಅದರ ಮೇಲೆ ೨೦೨೫ರ ಏಪ್ರಿಲದಲ್ಲಿ ಪಹಲ್ಗಾಮಿನಲ್ಲಿ ೨೬ ಮಂದಿ ನಿರಪರಾಧಿಗಳ ಹತ್ಯೆಯಾಗಿ, ನಮ್ಮ ಕನ್ನಡಿಗರೂ ಆ ಪಟ್ಟಿಯಲ್ಲಿ ಸೇರಿ, ಬೇಸಿಗೆಯ ಯಾತ್ರಿಕರೂ ಹಿಂದಿರುಗಿದರು. ಬೆಳೆಗೆ ವಿಮೆಯಿದೆ, ಹಿಮವೇ ಬೆಳೆಯಾದವನಿಗೆ ಏನಿದೆ? ಬಿದ್ದ ಹಿಮದ ತೂಕವು ಇಷ್ಟಕ್ಕಿಂತ ಕಡಿಮೆಯಾದರೆ ನೋಂದಾಯಿತರಾದ ಈ ಜನಕ್ಕೆ ಇಷ್ಟು ದಿನಗಳ ಕೂಲಿಯನ್ನು ಸರಕಾರವು ಕೊಡತಕ್ಕದ್ದೆಂದು ಒಂದು ಏರ್ಪಾಡಾಗಬಹುದು. ಅದಕ್ಕೂ ಮೊದಲು ಬೇಕಾದದ್ದು ಎಲ್ಲರೂ ನಂಬುವ ಒಂದು ತೂಕವೇ.

ಹಿಮ ಬೀಳದಿದ್ದರೆ ಯಂತ್ರದಿಂದ ಹಿಮವನ್ನು ಮಾಡೋಣವೆಂಬ ಸಲಹೆಯೂ ಆಗಾಗ ಕೇಳಿಬರುತ್ತಿದೆ. ೨೦೨೨ರ ಪೇಕಿಂಗಿನ ಚಳಿಗಾಲದ ಒಲಿಂಪಿಕ್ಸು ಬಹುತೇಕ ಯಂತ್ರದ ಹಿಮದ ಮೇಲೆಯೇ ನಡೆದದ್ದು ನಿಜ. ಆದರೆ ಯಂತ್ರವು ಹಿಮವನ್ನು ಶೂನ್ಯದಿಂದ ಸೃಷ್ಟಿಸುವದಿಲ್ಲ. ಒಂದು ಘನ ಮೀಟರು ನೀರಿನಿಂದ ಎರಡು, ಎರಡೂವರೆ ಘನ ಮೀಟರು ಹಿಮವಾಗುವದು. ಒಂದು ಹೆಕ್ಟೇರು ಬಯಲಿನ ಮೇಲೆ ಮೂವತ್ತು ಸೆಂಟಿಮೀಟರು ಹಾಸಲು ಹನ್ನೆರಡರಿಂದ ಹದಿನೈದು ಲಕ್ಷ ಲೀಟರು ನೀರು ಬೇಕು. ಬೆಟ್ಟದ ಹಳ್ಳಗಳು ಎಲ್ಲಕ್ಕಿಂತ ಬಡವಾಗಿರುವ ಜನವರಿಯಲ್ಲಿ ಈ ನೀರನ್ನು ತೆಗೆಯಬೇಕು. ಅದರ ಮೇಲೆ ಹವೆಯು ಸೊನ್ನೆಗಿಂತ ಎರಡು ಮೂರು ಅಂಶ ಕೆಳಗಿರಬೇಕು. ಕಲಿಯುವ ಮಕ್ಕಳಿಗಾಗಿ ಒಂದು ಚಿಕ್ಕ ಇಳುಕಲನ್ನು ಹೀಗೆ ಕಾಪಾಡಿದರೆ ನಮ್ಮ ಆಕ್ಷೇಪಣೆಯಿಲ್ಲ. ಅಫರ್ವಟವನ್ನೇ ಹೊದಿಸುವೆವೆಂದರೆ ಅದು ಕೆರೆಯ ನೀರನ್ನು ಕೆರೆಗೆ ಚೆಲ್ಲುವದೂ ಅಲ್ಲ, ಕುಡಿಯುವ ಕೊಡವನ್ನು ಅಂಗಳಕ್ಕೆ ಚೆಲ್ಲುವದು.

ಹೀಗೆಂದ ಮಾತ್ರಕ್ಕೆ ನಾವು ಆಟದ ವಿರೋಧಿಗಳೆಂದು ಯಾರೂ ಭಾವಿಸಬಾರದು. ನಮ್ಮ ಯುವಕರು ಗುಡ್ಡಗಳನ್ನು ಹತ್ತಬೇಕು, ಹಿಮದಲ್ಲಿ ಬಿದ್ದೇಳಬೇಕು. ಸಿನಿಮಾದ ಪರದೆಯ ಮೇಲಲ್ಲದೆ ಕಾಲಿನ ಕೆಳಗೆ ಹಿಮಾಲಯವನ್ನು ಕಾಣ್ದವನಿಗೆ ಈ ದೇಶದ ಅರ್ಧ ಭಾಗವು ಅಪರಿಚಿತವೇ. ಚಳಿಗಾಲದಲ್ಲಿ ಮಾತ್ರವೆ ಹೋಗಬೇಕೆಂಬ ಹಟವೂ ಬೇಡ. ಜೂನ್ ಜುಲೈಗಳಲ್ಲಿ ಖಿಲನ್‌ಮಾರ್ಗದ ಹೂವಿನ ಬಯಲನ್ನು ದಾಟಿ ಅಲ್ಪಥರ್ ವರೆಗೆ ನಡೆದು ಹೋಗಬಲ್ಲವನಿಗೆ ಟಿಕೇಟಿನ ಸರದಿಯೂ ಇಲ್ಲ, ಹಿಮ ಬಂದಿತೇ ಎಂಬ ಕಳವಳವೂ ಇಲ್ಲ. ಕ್ರೀಡಾಕೂಟದ ತಾರೀಖನ್ನು ದಿಲ್ಲಿಯಲ್ಲಿ ಪಂಚಾಂಗ ನೋಡಿ ಗೊತ್ತುಮಾಡುವ ಬದಲು, ಕೊಂಗಡೂರಿಯಲ್ಲಿ ಇಷ್ಟು ಹಿಮವು ನೆಲೆನಿಂತ ಮೇಲೆ ಇಷ್ಟು ದಿನದೊಳಗೆ ಎಂದು ಗೊತ್ತುಮಾಡಲಿ. ಆಟಗಾರರಿಗೆ ಇದರಿಂದ ಅನಾನುಕೂಲವಾಗಬಹುದು. ಕೊಡಗಿನಿಂದ ಹೊರಟ ಹುಡುಗಿ ದಾರಿಯಲ್ಲಿ ಹಿಂದಿರುಗುವದಕ್ಕಿಂತ ಅದು ಲೇಸು.

ಅಲ್ಲಿಯ ಸರಕಾರಕ್ಕೂ ಕೇಂದ್ರ ಸರಕಾರಕ್ಕೂ ನಾವು ಮಾಡುವ ವಿನಂತಿಯು ಬಹಳ ಚಿಕ್ಕದು. ಗುಲ್ಮಾರ್ಗದ ಬಯಲು, ಕೊಂಗಡೂರಿ, ಗೊಂಡೋಲಾದ ಮೇಲಿನ ನಿಲ್ದಾಣ, ಈ ಮೂರು ಎತ್ತರಗಳಲ್ಲಿ ಹಿಮದ ಆಳವನ್ನೂ ನೀರಿನ ತೂಕವನ್ನೂ ಅಳೆಯಲಿ. ಅಂದಿನ ಅಂಕೆಯನ್ನು, ಹಿಂದಿನ ವರ್ಷಗಳ ಅದೇ ದಿನದ ಅಂಕೆಯ ಜೊತೆಗೆ, ಉರ್ದು, ಕಾಶ್ಮೀರಿ, ಹಿಂದಿ, ಇಂಗ್ಲಿಷುಗಳಲ್ಲಿ ಆಕಾಶವಾಣಿಯಲ್ಲಿ ಓದಿಸಲಿ, ಪತ್ರಿಕೆಗಳಿಗೆ ಕೊಡಲಿ, ಸೋಪೋರದ ನೀರಾವರಿ ಕಛೇರಿಯ ಗೋಡೆಗೆ ಅಂಟಿಸಲಿ. ಹಿಮಕುಸಿತದ ಅಪಾಯವು ಐದು ಮೆಟ್ಟಲುಗಳಲ್ಲಿ ಅಂದು ಎಷ್ಟನೆಯದೆಂಬದನ್ನು ಟಿಕೇಟು ಮಾರುವ ಕಿಂಡಿಯ ಮೇಲೆಯೇ, ದರಪಟ್ಟಿಗಿಂತ ದೊಡ್ಡ ಅಕ್ಷರದಲ್ಲಿ ಬರೆಯಿಸಲಿ. ಹಿರಿಯ ಚಳಿಯು ಕೂಡುವದು ಡಿಸೆಂಬರ ೨೧ಕ್ಕೆ. ಅಳತೆಯ ಕಂಬವನ್ನು ಅದಕ್ಕೆ ಮೊದಲೇ, ನೆಲವು ಮೆತ್ತಗಿರುವ ಅಕ್ಟೋಬರದಲ್ಲಿ ಹುಗಿಯಬೇಕು. ಆಮೇಲೆ ಗುದ್ದಲಿ ಇಳಿಯುವದಿಲ್ಲ.